ರಜೆ ಅರ್ಜಿ ಕಲಿಸಿದೆ, ದೂರು ಅರ್ಜಿ ಕಲಿಸಲಿಲ್ಲ

ಲೋಕಾಯುಕ್ತ ಎಂಬ ಪದ ಕಿವಿಗೆ ಬಿದ್ದೊಡನೆ ನಮಗೆ ನೆನಪಾಗುವುದು ದಾಳಿ, ನೋಟಿನ ಕಂತೆ, ಮೇಜಿನ ಮೇಲೆ ಹರಡಿದ ಒಡವೆ. ಆದರೆ ಆ ಸಂಸ್ಥೆಗೆ ಇನ್ನೊಂದು ಮುಖವಿದೆ. ನನ್ನ ಶಿಷ್ಯರೂ ಬಂಧುಗಳೂ ಅದನ್ನು ಅರಿತಿರಲಿ ಎಂಬ ಆಸೆಯಿಂದ ಈ ನಾಲ್ಕು ಮಾತು.

ನನ್ನೊಡನೆ ಪಾಠ ಮಾಡುತ್ತಿದ್ದ ಹಿರಿಯ ಮೇಷ್ಟರೊಬ್ಬರು ನಿವೃತ್ತಿಯ ನಂತರ ಪಿಂಚಣಿಗಾಗಿ ಕಚೇರಿಯೊಂದಕ್ಕೆ ಹದಿನಾಲ್ಕು ತಿಂಗಳು ಅಲೆದರು. ‘ಸೇವಾ ಪುಸ್ತಕ ಸಿಗುತ್ತಿಲ್ಲ’ ಎಂಬುದೊಂದೇ ಉತ್ತರ. ಲೋಕಾಯುಕ್ತರಿಗೆ ಬರೆಯಿರಿ ಎಂದು ಎರಡನೆಯ ತಿಂಗಳಲ್ಲೇ ಹೇಳಿದ್ದೆ. “ನನ್ನಲ್ಲಿ ಯಾರೂ ಲಂಚ ಕೇಳಿಲ್ಲವಲ್ಲ, ಮೇಷ್ಟ್ರೇ” ಎಂದರು.

ಅವರು ಎಡವಿದ್ದು ಅಲ್ಲಿಯೇ. 1984ರ ಕರ್ನಾಟಕ ಲೋಕಾಯುಕ್ತ ಕಾಯ್ದೆ ಎರಡು ಬಗೆಯ ದೂರುಗಳನ್ನು ಗುರುತಿಸುತ್ತದೆ. ಲಂಚ, ಅಧಿಕಾರದ ದುರುಪಯೋಗ ಮೊದಲಾದವು ಆಪಾದನೆ. ದುರಾಡಳಿತದಿಂದ ಪ್ರಜೆಗಾದ ಅನ್ಯಾಯ ಕುಂದುಕೊರತೆ. ಅನುಚಿತ ವಿಳಂಬವೂ ದುರಾಡಳಿತವೇ. ನೌಕರರ ನೇಮಕ, ವೇತನ, ಶಿಸ್ತುಕ್ರಮಗಳ ಕುಂದುಕೊರತೆಯನ್ನು ಅಲ್ಲಿ ವಿಚಾರಿಸುವಂತಿಲ್ಲ; ಪಿಂಚಣಿ, ಗ್ರಾಚ್ಯುಟಿ, ಭವಿಷ್ಯನಿಧಿಯದನ್ನು ವಿಚಾರಿಸಬಹುದು.

ಕ್ರಮವೂ ಕಠಿಣವಲ್ಲ. ನಿಗದಿತ ನಮೂನೆಯಲ್ಲಿ ದೂರು ಬರೆದು ಅಫಿಡವಿಟ್ ಲಗತ್ತಿಸಬೇಕು. ಕುಂದುಕೊರತೆಯಾದರೆ ವಿಷಯ ತಿಳಿದ ಆರು ತಿಂಗಳೊಳಗೆ, ಆಪಾದನೆಯಾದರೆ ಕೃತ್ಯ ನಡೆದ ಐದು ವರ್ಷದೊಳಗೆ ಸಲ್ಲಿಸಬೇಕು. ತನಿಖೆಗೆ ಕೈಹಾಕಿದರೆ ದೂರಿನ ಪ್ರತಿ ಅಧಿಕಾರಿಗೂ ಹೋಗುತ್ತದೆ. ಅವರ ಸಮಜಾಯಿಷಿಗೂ ಅವಕಾಶವುಂಟು. ಸಾಕ್ಷಿಗಳನ್ನು ಕರೆಸಲು, ಕಡತ ತರಿಸಲು ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಸುಳ್ಳು ದೂರಿಗೆ ಶಿಕ್ಷೆಯೂ ಇದೆ.

ಕೊನೆಗೆ ದೊರೆಯುವುದು ಆದೇಶವಲ್ಲ, ಶಿಫಾರಸು. ‘ಹಲ್ಲಿಲ್ಲದ ಹಾವು’ ಎನ್ನುವವರ ಮಾತಿನಲ್ಲಿ ನಿಜಾಂಶವಿದೆ. ಆದರೂ ಕುಂದುಕೊರತೆಯ ವರದಿಯಲ್ಲಿ ಸೂಚಿಸಿದ ಅವಧಿ ಮುಗಿದ ಒಂದು ತಿಂಗಳೊಳಗೆ ಕೈಗೊಂಡ ಕ್ರಮವನ್ನು ತಿಳಿಸಲೇಬೇಕು; ಅದು ತೃಪ್ತಿಕರವಲ್ಲದಿದ್ದರೆ ರಾಜ್ಯಪಾಲರಿಗೆ ವಿಶೇಷ ವರದಿ ಸಲ್ಲಿಸಬಹುದು, ಅದು ಶಾಸನಸಭೆಯ ಮುಂದೆ ಬರುತ್ತದೆ. ನಾಲ್ಕು ಜನರೆದುರು ಉತ್ತರ ಹೇಳಬೇಕಾದ ಭಯ ಸಣ್ಣದಲ್ಲ.

2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ರಚನೆಯಾಗಿ, ಲಂಚದ ಪ್ರಕರಣಗಳನ್ನು ದಾಖಲಿಸುವ ಅಧಿಕಾರ ಲೋಕಾಯುಕ್ತ ಪೊಲೀಸರ ಕೈತಪ್ಪಿತು. ಆ ದಳವನ್ನು ಹೈಕೋರ್ಟ್ ರದ್ದುಪಡಿಸಿ ಅಧಿಕಾರವನ್ನು ಮರಳಿಸಿದ್ದು 2022ರ ಆಗಸ್ಟ್‌ನಲ್ಲಿ. ನಡುವಿನ ಆರು ವರ್ಷ ‘ಲೋಕಾಯುಕ್ತ ಸತ್ತಿತು’ ಎಂದು ಎಲ್ಲರೂ ಮರುಗಿದೆವು. ಆದರೆ ಕುಂದುಕೊರತೆ ವಿಚಾರಿಸುವ ಬಾಗಿಲು ಆಗಲೂ ತೆರೆದೇ ಇತ್ತು. ಬಾಗಿಲಿದೆಯೆಂದು ತಿಳಿಯದವನಿಗೆ ಅದು ತೆರೆದಿದ್ದರೇನು, ಮುಚ್ಚಿದ್ದರೇನು?

ಮೇಷ್ಟರಿಗೆ ಕಡೆಗೂ ಪಿಂಚಣಿ ಬಂತು. ಅಷ್ಟರಲ್ಲಿ ಸಾಲದ ಬಡ್ಡಿ ಬೆಳೆದಿತ್ತು, ಮಗಳ ಮದುವೆ ಮುಂದೆ ಹೋಗಿತ್ತು. ಅವರನ್ನು ದೂರಲಾರೆ; ತಪ್ಪು ನಮ್ಮ ಪಾಠದಲ್ಲೇ ಇದೆ. ‘ಜ್ವರ ಬಂದಿರುವ ಕಾರಣ’ ಎಂಬ ರಜೆ ಅರ್ಜಿಯನ್ನು ನಿಮ್ಮಿಂದ ಎಷ್ಟು ಸಲ ಬರೆಸಿದೆನೋ! ದಿನಾಂಕ, ಘಟನೆ, ಕೇಳಿಕೆ, ಸಹಿಗಳುಳ್ಳ ದೂರೊಂದನ್ನು ಒಮ್ಮೆಯೂ ಬರೆಸಲಿಲ್ಲ.

ನಿಮ್ಮಲ್ಲಿ ಹಲವರು ಇಂದು ಮೇಜಿನ ಆಚೆ ಬದಿ ಕುಳಿತ ಅಧಿಕಾರಿಗಳು. ನಿಮ್ಮ ಮುಂದಿನ ಕಡತದಲ್ಲೂ ಇಂಥದೊಬ್ಬ ಮೇಷ್ಟರಿದ್ದಾರು. ಉಳಿದವರು, ಮಕ್ಕಳಿಗೆ ದೂರು ಬರೆಯುವುದನ್ನೂ ಕಲಿಸಿ. ನಾನು ಬಿಟ್ಟ ಪಾಠ ನಿಮ್ಮಿಂದಲಾದರೂ ಪೂರ್ಣವಾಗಲಿ.