ಬೆಳಗಿನ ಚಹಾ ಯಾರು ಮಾಡಬೇಕು?

ಹೃಷಿಕೇಶ್ ಮುಖರ್ಜಿಯವರ ‘ಬಾವರ್ಚಿ’ಯನ್ನು (1972) ಮೊನ್ನೆ ಭಾನುವಾರ ಮನೆಮಂದಿಯೆಲ್ಲ ಕೂತು ಮತ್ತೆ ನೋಡಿದೆವು. ‘ಶಾಂತಿ ನಿವಾಸ’ ಎಂಬ ಆ ಮನೆಯಲ್ಲಿ ಅಡುಗೆಯವರು ಯಾರೂ ನಿಲ್ಲುವುದಿಲ್ಲ. ಹರೀಂದ್ರನಾಥ ಚಟ್ಟೋಪಾಧ್ಯಾಯರ ಅಜ್ಜ ಚಹಾಕ್ಕಾಗಿ ಕೂಗುತ್ತಲೇ ಇರುತ್ತಾನೆ. ಸೊಸೆಯಂದಿರಾದ ದುರ್ಗಾ ಖೋಟೆ, ಉಷಾ ಕಿರಣ್ ಇಬ್ಬರಿಗೂ ಒಲೆಯ ಮುಂದೆ ಹೋಗುವ ಮನಸ್ಸಿಲ್ಲ.

ಅವಿಭಕ್ತ ಕುಟುಂಬದ ಗುಣಗಾನವೆಂದು ಈ ಚಿತ್ರವನ್ನು ಹೊಗಳುವುದು ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ಅಜ್ಜನ ಒಡವೆಪೆಟ್ಟಿಗೆಯ ಮಾತು ಬರುತ್ತದೆ, ನಿಜ. ಆದರೆ ಅಣ್ಣತಮ್ಮಂದಿರ ಮನಸ್ಸು ಕೆಡುವುದು ದಿನದಿನದ ಕೆಲಸದ ಹಂಚಿಕೆಯಲ್ಲಿ. ಅಡುಗೆಯವನಾಗಿ ಬರುವ ರಾಜೇಶ್ ಖನ್ನಾನ ರಘು ಆ ಹೊರೆಯನ್ನು ತಾನು ಹೊತ್ತಾಗಲೇ ಉಳಿದವರಿಗೆ ಒಬ್ಬರ ಮುಖ ಒಬ್ಬರು ನೋಡಲು ಪುರುಸೊತ್ತು ಸಿಗುತ್ತದೆ.

ಮುಂಬಯಿ ಕನ್ನಡಿಗರು ರಘುವನ್ನು ಬಲ್ಲರು. ಉಡುಪಿ, ಕುಂದಾಪುರದ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತವರ ಊರಿದು. ಮಾಟುಂಗಾ ಸ್ಟೇಷನ್ನಿನ ಬಳಿ ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಲೆ ಊಟ ಎಷ್ಟು ತಲೆಮಾರುಗಳ ಹೊಟ್ಟೆ ತಣಿಸಿದೆ! ನನ್ನ ಅಪ್ಪನೂ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದವರು. ಊರವರಿಗೆಲ್ಲ ಬಡಿಸಿ, ಪಾತ್ರೆ ತೊಳೆದಾದ ಮೇಲೆ, ರಾತ್ರಿ ಹನ್ನೊಂದರ ಹೊತ್ತಿಗೆ ತಣ್ಣಗಾದ ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಒಬ್ಬರೇ ಉಣ್ಣುತ್ತಿದ್ದರು. ಊರಿನಲ್ಲಿ ದೊಡ್ಡಪ್ಪ, ಚಿಕ್ಕಪ್ಪ ಬೇರೆ ಬೇರೆ ಒಲೆ ಹೂಡಿದರೆಂಬ ಕಾಗದ ಬಂದ ರಾತ್ರಿಯೂ ಹಾಗೆಯೇ ಉಂಡರಂತೆ. ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಮತ್ತೆ ಅನ್ನ ಹಾಕಿಸಿಕೊಳ್ಳಲಿಲ್ಲ ಎಂದು ಅವರ ಜೊತೆಗಿದ್ದ ಭಟ್ಟರೊಬ್ಬರು ಎಷ್ಟೋ ವರ್ಷಗಳ ಮೇಲೆ ಅಮ್ಮನಿಗೆ ಹೇಳಿದರು.

ತಪನ್ ಸಿನ್ಹಾ 1966ರಲ್ಲಿ ಬಂಗಾಳಿಯಲ್ಲಿ ಹೇಳಿದ ‘ಬಾವರ್ಚಿ’ಯ ಕಥೆ ಮುಂಬಯಿಯನ್ನು ಹಾದು, 2007ರಲ್ಲಿ ಸುದೀಪ್ ಅವರ ‘ನಂ. 73, ಶಾಂತಿ ನಿವಾಸ’ವಾಗಿ ಕನ್ನಡಕ್ಕೂ ಬಂತು. ‘ಬಾವರ್ಚಿ’ಯ ಕೊನೆಯಲ್ಲಿ ರಘು ಇನ್ನೊಂದು ಮನೆ ಹುಡುಕಿಕೊಂಡು ಹೊರಡುತ್ತಾನೆ. ಅವನು ಯಾರ ಪಕ್ಕ ಕೂತು ಉಣ್ಣುತ್ತಾನೆ? ಚಿಕ್ಕಂದಿನಲ್ಲಿ ಅಪ್ಪನನ್ನೇ ಕೇಳಿದ್ದೆ. ಅವರು ಉತ್ತರ ಕೊಡಲಿಲ್ಲ.

ಮುಂದಿನ ಸಂಚಿಕೆಯನ್ನು ಊಟದ ಪಂಕ್ತಿಗೆ ಮೀಸಲಿಟ್ಟಿದ್ದೇವೆ. ನಿಮ್ಮ ಮನೆಯಲ್ಲಿ ಒಲೆ ಬೇರೆಯಾದ ದಿನವನ್ನು ಕುರಿತು ಬರೆಯಿರಿ. ಅಂದು ಏನು ಅಡುಗೆಯಾಗಿತ್ತು, ಯಾರು ಬಡಿಸಿದರು, ಬಡಿಸಿದವರು ಯಾವಾಗ ಉಂಡರು ಎಂಬುದನ್ನು ಬಿಡಬೇಡಿ.