ರಾತ್ರಿ ಒಂಬತ್ತರ ಗೇಟು, ಲಾರಿಯ ಎರಡು ಬ್ಯಾಟರಿ

ಮದ್ದೂರು ಚೆಕ್‌ಪೋಸ್ಟ್‌ನ ಗೇಟು ರಾತ್ರಿ 9ಕ್ಕೆ ಬೀಳುತ್ತದೆ. ಮಂಡ್ಯದ ಮದ್ದೂರಲ್ಲ, ಗುಂಡ್ಲುಪೇಟೆಯಿಂದ ಕೇರಳದ ಕಡೆ ಹೊರಟರೆ ಕಾಡು ಶುರುವಾಗುವ ಮೊದಲು ಸಿಗುವ ಮದ್ದೂರು. ಊಟಿ ರಸ್ತೆಯಲ್ಲಿ ಮೇಲುಕಾಮನಹಳ್ಳಿಯ ಹತ್ತಿರವೂ ಇದೇ ಕತೆ. ಒಂಬತ್ತರ ನಂತರ ಆಂಬುಲೆನ್ಸ್ ಮತ್ತು ಲೆಕ್ಕದ ಕೆಲವು ಬಸ್ಸು ಬಿಟ್ಟರೆ ಬೇರೆ ಗಾಡಿಗೆ ದಾರಿ ಇಲ್ಲ. ಗೇಟು ಮತ್ತೆ ತೆಗೆಯುವುದು ಬೆಳಿಗ್ಗೆ 6ಕ್ಕೆ. ನಡುವಿನ ಒಂಬತ್ತು ಗಂಟೆ ತರಕಾರಿ ಲಾರಿ, ಸಿಮೆಂಟ್ ಲಾರಿ, ಕೋಳಿ ಗಾಡಿ, ಪ್ರವಾಸಿಗರ ಟೆಂಪೋ ಟ್ರಾವೆಲರ್ ಎಲ್ಲವೂ ರಸ್ತೆ ಬದಿಯಲ್ಲಿ ಸಾಲಾಗಿ ನಿಲ್ಲುತ್ತವೆ. ಗಾಡಿಯೇ ಮನೆಯಾಗುತ್ತದೆ.

ಈ ಸಾಲಿನ ಬಗ್ಗೆ ನಾವು ಜಿಲ್ಲೆಯ ಸುದ್ದಿಗಾರರು ಬರೆದಷ್ಟು ಬೇರೆ ಯಾವುದರ ಬಗ್ಗೆಯೂ ಬರೆದಿಲ್ಲವೇನೋ. 2009ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲಾಧಿಕಾರಿಯ ಆದೇಶ ಬಂದದ್ದು, ವಾರದೊಳಗೆ ಹಿಂದಕ್ಕೆ ಹೋದದ್ದು, ಹೈಕೋರ್ಟ್ ಮಧ್ಯೆ ಬಂದು 2010ರಲ್ಲಿ ನಿಷೇಧವನ್ನು ಎತ್ತಿ ಹಿಡಿದದ್ದು, ಆಮೇಲೆ ಸುಪ್ರೀಂ ಕೋರ್ಟಿಗೆ ಹೋದದ್ದು, ಆ ಕಡೆಯವರ ಧರಣಿ, ಈ ಕಡೆಯವರ ಮನವಿ ಪತ್ರ, ಎಲ್ಲ ಬರೆದಾಗಿದೆ. ಹೆದ್ದಾರಿಯ ನಂಬರೇ ಅಷ್ಟರಲ್ಲಿ 212 ಹೋಗಿ 766 ಆಯಿತು, ಊಟಿ ರಸ್ತೆ 67 ಹೋಗಿ 181 ಆಯಿತು. ಆದರೆ ಒಂಬತ್ತು ಗಂಟೆ ಗಾಡಿಯೊಳಗೆ ಮಲಗುವವನು ಫ್ಯಾನಿಗೆ ಕರೆಂಟು ಎಲ್ಲಿಂದ ತರುತ್ತಾನೆ ಎಂದು ನಾವು ಒಂದು ಸಾಲೂ ಬರೆದಿರಲಿಲ್ಲ. ಹೋದ ತಿಂಗಳು ಬೆಳಿಗ್ಗೆ ಆರೂಕಾಲಕ್ಕೆ ಅಲ್ಲೇ ಟೀ ಕುಡಿಯುತ್ತಾ ನಿಂತಿದ್ದಾಗ ಒಂದು ಲಾರಿ ಸೆಲ್ಫ್ ಹೊಡೆಯಲಿಲ್ಲ. ಟಕ್, ಟಕ್ ಅಂದು ಸುಮ್ಮನಾಯಿತು. ಹಿಂದಿನವರು ಹಾರ್ನ್ ಹೊಡೆಯಲು ಶುರು ಮಾಡಿದರು. ಲೋಡು ಬೀನ್ಸು, ಟೊಮೆಟೊ. ಹೋಗಬೇಕಾದದ್ದು ಕಲ್ಲಿಕೋಟೆಗೆ.

"ರಾತ್ರಿ ಫ್ಯಾನ್ ಹಾಕಂಡಿದ್ದೆ ಸಾ, ಅಷ್ಟೇಯ" ಅಂದರು ಡ್ರೈವರ್. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗಿತ್ತು ಮುಖ.

ಲೆಕ್ಕ ಹಾಕಿ ನೋಡೋಣ. ಕ್ಯಾಬಿನ್ನಿನ ಸಣ್ಣ ಫ್ಯಾನು 20 ವ್ಯಾಟ್ ಎಂದಿಟ್ಟುಕೊಳ್ಳಿ, ಒಂಬತ್ತು ಗಂಟೆಗೆ 180. ಒಂದು ಎಲ್‌ಇಡಿ ದೀಪ, 5 ವ್ಯಾಟ್, ನಾಲ್ಕು ಗಂಟೆಗೆ 20. ಡ್ರೈವರ್ ಮತ್ತು ಕ್ಲೀನರ್‌ನ ಎರಡು ಮೊಬೈಲ್ ಚಾರ್ಜಿಗೆ 30. ಒಟ್ಟು 230 ವ್ಯಾಟ್ ಅವರ್. 12 ವೋಲ್ಟಿನಿಂದ ಭಾಗಿಸಿದರೆ ಸುಮಾರು 19 ಆಂಪಿಯರ್ ಅವರ್. 100 ಆಂಪಿಯರ್ ಅವರ್‌ನ ಹೊಸ ಬ್ಯಾಟರಿಯಲ್ಲಿ ಇದು ಐದನೇ ಒಂದು ಪಾಲು. ಫ್ಯಾನ್ ಹಾಕಿಕೊಂಡದ್ದಕ್ಕೆ ಲಾರಿ ನಿಲ್ಲಬಾರದು. ಹಾಗಾದರೆ ನಿಂತದ್ದು ಏಕೆ?

ಗುಂಡ್ಲುಪೇಟೆಯ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಬಂದು ಬ್ಯಾಟರಿ ಬಾಕ್ಸ್ ತೆಗೆದರು. ಕಾರಣ ಅಲ್ಲೇ ಕಾಣುತ್ತಿತ್ತು. ದೊಡ್ಡ ಲಾರಿಗಳದ್ದು 24 ವೋಲ್ಟ್. 12 ವೋಲ್ಟಿನ ಎರಡು ಬ್ಯಾಟರಿಯನ್ನು ಒಂದರ ಹಿಂದೆ ಒಂದು, ಒಂದರ ಪಾಸಿಟಿವ್‌ಗೆ ಇನ್ನೊಂದರ ನೆಗೆಟಿವ್ ಸೇರಿಸಿ ಕೂರಿಸಿರುತ್ತಾರೆ. ಆದರೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಫ್ಯಾನು, ಟೇಪು, ಚಾರ್ಜರ್ ಹೆಚ್ಚಿನವು 12 ವೋಲ್ಟಿನವು. ಆದ್ದರಿಂದ ಎರಡರಲ್ಲಿ ಒಂದೇ ಬ್ಯಾಟರಿಯ ಎರಡು ಟರ್ಮಿನಲ್‌ನಿಂದ ವೈರ್ ಎಳೆದುಬಿಡುತ್ತಾರೆ. ಫ್ಯಾನು ತಿರುಗುತ್ತದೆ, ಕೆಲಸ ಮುಗಿಯಿತು ಅನ್ನಿಸುತ್ತದೆ.

ಮುಗಿದಿರುವುದಿಲ್ಲ. ರಾತ್ರಿ ಒಂದೇ ಬ್ಯಾಟರಿ ಇಳಿಯುತ್ತದೆ, ಪಕ್ಕದ್ದು ತುಂಬಿಯೇ ಇರುತ್ತದೆ. ಬೆಳಿಗ್ಗೆ ಗಾಡಿ ಓಡಿದಾಗ ಡೈನಮೋ ಎರಡಕ್ಕೂ ಸೇರಿಸಿ 28 ವೋಲ್ಟ್ ಆಸುಪಾಸು ಕೊಡುತ್ತದೆ, ಒಂದರಲ್ಲಿ ಹರಿದ ಕರೆಂಟೇ ಇನ್ನೊಂದರಲ್ಲೂ ಹರಿಯಬೇಕು. ತುಂಬಿದ್ದಕ್ಕೆ ಹೆಚ್ಚಾಗಿ ಕುದಿದು ನೀರು ಆರುತ್ತದೆ. ಇಳಿದದ್ದು ಪೂರ್ತಿ ಏರುವುದೇ ಇಲ್ಲ, ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಒಂದು ಮನೆಯಲ್ಲಿ ಒಬ್ಬನಿಗೆ ಅಜೀರ್ಣ, ಇನ್ನೊಬ್ಬನಿಗೆ ಉಪವಾಸ. ಕೆಲವು ತಿಂಗಳಿಗೆ ಎರಡೂ ಕೆಡುತ್ತವೆ. ಡಿಸೆಂಬರ್, ಜನವರಿಯ ಚಳಿಗೆ ಡೀಸೆಲ್ ಎಂಜಿನ್ ಎದ್ದೇಳಲು ಹೆಚ್ಚು ಕರೆಂಟು ಕೇಳುವಾಗ ಬಣ್ಣ ಬಯಲಾಗುತ್ತದೆ.

ಆಗ ಮಾಲೀಕರು ಏನು ಮಾಡುತ್ತಾರೆ? ಸತ್ತದ್ದನ್ನು ಎಕ್ಸ್‌ಚೇಂಜಿಗೆ ಕೊಟ್ಟು ಒಂದೇ ಒಂದು ಹೊಸ ಬ್ಯಾಟರಿ ತರುತ್ತಾರೆ. ಇದು ಎರಡನೇ ತಪ್ಪು, ಮೊದಲನೆಯದಕ್ಕಿಂತ ದುಬಾರಿ. ಹಳೆಯದರ ಜೊತೆ ಕಟ್ಟಿದ ಹೊಸದು ಬೇಗ ಹಳೆಯದರ ವಯಸ್ಸಿಗೆ ಬರುತ್ತದೆ. ಬದಲಾಯಿಸಿದರೆ ಎರಡನ್ನೂ ಒಟ್ಟಿಗೆ, ಒಂದೇ ಅಳತೆ, ಒಂದೇ ಜಾತಿ, ಆದಷ್ಟು ಒಂದೇ ತಿಂಗಳಲ್ಲಿ ತಯಾರಾದದ್ದನ್ನೇ ಹಾಕಬೇಕು. ಉಳುವ ಜೋಡಿಗೆ ಎತ್ತು ತರುವಾಗ ಇದು ನಮ್ಮ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ಮಾತು, ಈ ಎರಡೂ ಬ್ಯಾಟರಿ ಮಲಗುವವರ ಸಲುವಾಗಿ ಮಾಡಿದ್ದೇ ಅಲ್ಲ. ಸ್ಟಾರ್ಟಿಂಗ್ ಬ್ಯಾಟರಿಯಲ್ಲಿ ತೆಳು ಪ್ಲೇಟುಗಳು ಹೆಚ್ಚು. ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುವುದು ಅದರ ಕೆಲಸ. ರಾತ್ರಿಯಿಡೀ ಸ್ವಲ್ಪ ಸ್ವಲ್ಪ ಕೊಡುವುದಕ್ಕೆ ದಪ್ಪ ಪ್ಲೇಟಿನದು ಬೇಕು. ಅದನ್ನು ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ರೈತರು ಚೆನ್ನಾಗಿ ಬಲ್ಲರು. ಆನೆ ತಡೆಯುವ ಸೋಲಾರ್ ಬೇಲಿಗೆ, ಮನೆಯ ಯುಪಿಎಸ್‌ಗೆ ಹಾಕುವ ಟ್ಯೂಬುಲರ್ ಬ್ಯಾಟರಿ ಇದೇ ಜಾತಿಯದು. ಕಾರು ಬ್ಯಾಟರಿ ತಂದು ಬೇಲಿಗೆ ಕಟ್ಟಿದವರಿಗೆ ಅದು ಎಷ್ಟು ಬೇಗ ಕೈಕೊಡುತ್ತದೆ ಎಂಬುದೂ ಗೊತ್ತು.

ಮೋಟಾರ್‌ಹೋಮ್ ಎಂದು ಕರೆಯುವ ಮನೆಗಾಡಿಗಳಲ್ಲಿ ಈ ಎರಡು ಕೆಲಸವನ್ನು ಮೊದಲಿಂದಲೇ ಬೇರೆ ಮಾಡಿರುತ್ತಾರೆ. ಎಂಜಿನ್ನಿಗೆ ಒಂದು, ಮನೆಗೆ ಒಂದು. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ಶುರು ಮಾಡಿದ ಮೇಲೆ ಇಂಥ ಗಾಡಿಗಳನ್ನು ನಾವೂ ಈ ರಸ್ತೆಯಲ್ಲಿ ನೋಡುತ್ತಿದ್ದೇವೆ. ಟೆಂಪೋ ಟ್ರಾವೆಲರ್‌ಗೆ ಮಂಚ, ಫ್ರಿಜ್ಜು ಕೂರಿಸಿಕೊಂಡು ಬರುವವರೂ ಇದ್ದಾರೆ. ಒಂಬತ್ತು ದಾಟಿ ಬಂದರೆ ಅವರೂ ತರಕಾರಿ ಲಾರಿಯ ಹಿಂದೆಯೇ ನಿಲ್ಲಬೇಕು. ವ್ಯತ್ಯಾಸ ಬೆಳಿಗ್ಗೆ ಕಾಣುತ್ತದೆ: ರಾತ್ರಿಯೆಲ್ಲ ಫ್ರಿಜ್ ಓಡಿಸಿದ ಗಾಡಿ ಒಂದೇ ಸೆಲ್ಫಿಗೆ ಎದ್ದು ಹೋಗುತ್ತದೆ, ಫ್ಯಾನ್ ಹಾಕಿಕೊಂಡ ಲಾರಿ ಜಂಪರ್ ಕೇಬಲ್ ಹುಡುಕುತ್ತದೆ.

ಆ ಗಾಡಿಗಳವರೂ ತಪ್ಪು ಮಾಡುವುದಿಲ್ಲ ಅಂತಲ್ಲ. ಮನೆಯ ಕಡೆಗೆ ಎರಡು 12 ವೋಲ್ಟ್ ಬ್ಯಾಟರಿ ಇಟ್ಟು 12 ವೋಲ್ಟೇ ಬೇಕೆಂದರೆ ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್ ಕಟ್ಟಬೇಕು. ಲಾರಿಯ ರೂಢಿಯಲ್ಲಿ ಒಂದರ ಹಿಂದೆ ಒಂದು ಕಟ್ಟಿದರೆ 24 ವೋಲ್ಟ್ ಹೋಗಿ ಲೈಟು, ಚಾರ್ಜರ್ ಎಲ್ಲ ಸುಡುತ್ತವೆ. ಸರಿಯಾಗಿ ಕಟ್ಟಿದವರೂ ಪಾಸಿಟಿವ್, ನೆಗೆಟಿವ್ ಎರಡು ವೈರನ್ನೂ ಮೊದಲ ಬ್ಯಾಟರಿಯಿಂದಲೇ ತೆಗೆದಿರುತ್ತಾರೆ, ಆಗ ಮೊದಲನೆಯದೇ ಹೆಚ್ಚು ದುಡಿಯುತ್ತದೆ. ಪಾಸಿಟಿವ್ ಒಂದು ತುದಿಯದರಿಂದ, ನೆಗೆಟಿವ್ ಇನ್ನೊಂದು ತುದಿಯದರಿಂದ ತೆಗೆದರೆ ಹೊರೆ ಸಮ ಆಗುತ್ತದೆ. ಎಂಜಿನ್ ಬ್ಯಾಟರಿಗೂ ಮನೆ ಬ್ಯಾಟರಿಗೂ ನಡುವೆ ಒಂದು ರಿಲೇ ಬೇಕು, ಗಾಡಿ ಓಡುವಾಗ ಮಾತ್ರ ಎರಡನ್ನೂ ಸೇರಿಸುವಂಥದ್ದು. ಕೆಲವು ಬಿಎಸ್-6 ಗಾಡಿಗಳ ಡೈನಮೋ ಡೀಸೆಲ್ ಉಳಿಸಲು ತಾನೇ ವೋಲ್ಟೇಜ್ ಇಳಿಸುತ್ತದೆ, ಅಲ್ಲಿ ಬರೀ ರಿಲೇ ಸಾಲದು, ಡಿಸಿ-ಡಿಸಿ ಚಾರ್ಜರ್ ಬೇಕಾಗುತ್ತದೆ. ಲಿಥಿಯಂ ಹಾಕುವವರಿಗೂ ಅದೇ ದಾರಿ. ಲಿಥಿಯಂ ಮತ್ತು ಟ್ಯೂಬುಲರ್ ಎರಡನ್ನೂ ಜೋಡಿ ಕಟ್ಟಲೇಬಾರದು.

ಕೈಯಾರೆ ಬದಲಾಯಿಸುವವರಿಗೆ ಆ ಎಲೆಕ್ಟ್ರಿಷಿಯನ್ ಹೇಳಿದ್ದನ್ನು ಇಲ್ಲೇ ದಾಟಿಸುತ್ತೇವೆ. ಬಿಚ್ಚುವಾಗ ಬಾಡಿಗೆ ಹೋಗುವ ನೆಗೆಟಿವ್ ಮೊದಲು, ಕಟ್ಟುವಾಗ ಅದೇ ಕೊನೆಗೆ. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಬ್ಯಾಟರಿಯ ಪೂರ್ತಿ ಕರೆಂಟು ಸ್ಪ್ಯಾನರ್ ಮೂಲಕ ಹೋಗುತ್ತದೆ, ಕಿಡಿಗೆ ಕೈ ಸುಡುತ್ತದೆ. ಫ್ಯೂಸ್ ಬ್ಯಾಟರಿಯ ಪಾಸಿಟಿವ್ ಪಕ್ಕದಲ್ಲೇ ಇರಬೇಕು. ಫ್ಯಾನಿನ ಹತ್ತಿರ ಹಾಕಿದರೆ ನಡುವಿನ ವೈರು ಉಜ್ಜಿ ಬಾಡಿಗೆ ತಾಗಿದಾಗ ಕಾಯುವವರು ಯಾರೂ ಇರುವುದಿಲ್ಲ. ನೀರು ಹಾಕುವ ಬ್ಯಾಟರಿಯನ್ನು ಮಲಗುವ ಸೀಟಿನ ಕೆಳಗೆ ಇಡಬೇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದರ ಮೇಲೆ ಕೂತು ಬೀಡಿ ಹಚ್ಚುವವರು ಇದ್ದೇ ಇದ್ದಾರೆ.

ಲಾರಿಗೆ ಮೂರನೇ ಬ್ಯಾಟರಿ ಹಾಕಿಸುವಷ್ಟು ದುಡ್ಡು ಇಲ್ಲದಿದ್ದರೆ ಕನಿಷ್ಠ 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿಸಬಹುದು. ಎರಡೂ ಬ್ಯಾಟರಿ ಸಮವಾಗಿ ಇಳಿಯುತ್ತವೆ, ಸಮವಾಗಿ ಏರುತ್ತವೆ. ವೋಲ್ಟೇಜ್ ಒಂದು ಮಟ್ಟಕ್ಕೆ ಬಂದರೆ ತಾನೇ ಕಟ್ ಆಗುವಂಥದ್ದಾದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಫ್ಯಾನ್ ನಿಂತಿರಬಹುದು, ಲಾರಿ ನಿಲ್ಲುವುದಿಲ್ಲ.

ಇದನ್ನು ಓದಿ "ನೋಡಿ, ಅದಕ್ಕೇ ರಾತ್ರಿ ನಿಷೇಧ ತೆಗೆಯಬೇಕು" ಎನ್ನುವವರು ಬರುತ್ತಾರೆ. ನಾವು ಒಪ್ಪುವುದಿಲ್ಲ. ಬಂಡೀಪುರದ ರಸ್ತೆಯಲ್ಲಿ ರಾತ್ರಿ ಗಾಡಿಗೆ ಸಿಕ್ಕಿ ಸತ್ತ ಜಿಂಕೆ, ಚಿರತೆಗಳ ಸುದ್ದಿಯನ್ನೂ ನಾವೇ ಕಳಿಸಿದವರು. ಗೇಟು ಇರಲಿ. ಅವಸರ ಇದ್ದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಬಳಸು ದಾರಿ ಇದೆ. ಆದರೆ ಡ್ರೈವರನ ನಿದ್ದೆಗೆಟ್ಟ ಮುಖವನ್ನು ತೋರಿಸಿ ಗೇಟು ತೆಗೆಸಲು ಹೊರಟವರಾಗಲಿ, ಗೇಟು ಹಾಕಿದ ಮೇಲೆ ಡ್ರೈವರನನ್ನೇ ಮರೆತವರಾಗಲಿ, ಇಬ್ಬರೂ ಅವನ ಕ್ಯಾಬಿನ್ನಿಗೆ ಇಣುಕಿ ನೋಡಿದವರಲ್ಲ. ದಿನವೂ ಇಂತಿಷ್ಟು ಗಾಡಿ ಇಂತಿಷ್ಟು ಹೊತ್ತು ನಿಲ್ಲಲೇಬೇಕು ಎಂದು ಗೊತ್ತಿರುವ ಜಾಗ ರಾಜ್ಯದಲ್ಲಿ ಎಷ್ಟಿವೆ? ಗುಂಡ್ಲುಪೇಟೆಯ ಹೊರಗೆ ಒಂದು ಲಾರಿ ನಿಲ್ದಾಣ, ಕಕ್ಕಸು, ಸ್ನಾನದ ನೀರು, ಬೆಳಕು, ಜೊತೆಗೆ ಸಾಲಾಗಿ ಮೀಟರ್ ಇರುವ ಕರೆಂಟು ಪಾಯಿಂಟ್. ಹೊರದೇಶದ ಮನೆಗಾಡಿ ಕ್ಯಾಂಪುಗಳಲ್ಲಿ ಗಾಡಿ ನಿಲ್ಲಿಸಿದ ತಕ್ಷಣ ವೈರು ಸಿಕ್ಕಿಸುವುದು ಮಾಮೂಲು. ಪ್ರವಾಸಿಗರ ಕ್ಯಾರವಾನ್‌ಗಾಗಿ ಪ್ಲಗ್ ಪಾಯಿಂಟ್ ಇಡುವ ಯೋಜನೆ ಮಾಡುವವರಿಗೆ ಲಾರಿಯೂ ಅದೇ ಪ್ಲಗ್ಗಿಗೆ ಹೊಂದುತ್ತದೆ ಎಂದು ಹೊಳೆಯಬೇಕು.

ಹೊಸದಾಗಿ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಎಂದು ಕೇಂದ್ರ ನಿಯಮ ಮಾಡಿದೆ. ಒಳ್ಳೆಯದೇ. ಆದರೆ ಆ ಎಸಿ ಓಡುವುದು ಸಾಮಾನ್ಯವಾಗಿ ಎಂಜಿನ್ ಓಡಿದರೆ. ಕಾಡಿನ ಬಾಗಿಲಲ್ಲಿ ನೂರು ಲಾರಿ ರಾತ್ರಿಯಿಡೀ ಎಂಜಿನ್ ಓಡಿಸಿಕೊಂಡು ನಿಂತರೆ ಹೊಗೆ ಯಾರ ಮೂಗಿಗೆ ಹೋಗುತ್ತದೆ?

ಆ ಬೆಳಿಗ್ಗೆಯ ಲಾರಿ ಜಂಪರ್ ಕೇಬಲ್ಲಿನಲ್ಲಿ ಎದ್ದಿತು. ಡ್ರೈವರ್ ಕಲ್ಲಿಕೋಟೆಯಿಂದ ವಾಪಸ್ ಬಂದಾಗ ಅದೇ ಎಲೆಕ್ಟ್ರಿಷಿಯನ್ ಅಂಗಡಿಯಲ್ಲಿ ನಮಗೆ ಮತ್ತೆ ಸಿಕ್ಕರು. ಮಾಲೀಕರಿಗೆ ಫೋನ್ ಹಚ್ಚಿ ಎರಡು ಬ್ಯಾಟರಿ ಕೇಳಿದರು, ಒಂದಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು. ಫ್ಯಾನಿನ ವಿಷಯ ಮಾತಿಗೇ ಬರಲಿಲ್ಲ. ಫೋನ್ ಇಟ್ಟ ಮೇಲೆ ಜೇಬಿನಿಂದ ನೋಟು ತೆಗೆದು, "ಆ ಕನ್ವರ್ಟರ್ ಹಾಕ್ಬುಡಿ ಅಣ್ಣ. ಬಿಲ್ಲಲ್ಲಿ ಸೇರಿಸ್ಬೇಡಿ, ಇದು ನಂದು" ಅಂದರು.