'ಅಂಥವರು' ಆಗಿದ್ದರೆ?

1967ರಲ್ಲಿ ಯುರೋಪಿನ ಆರು ನಿರ್ದೇಶಕರು ಸೇರಿ ಒಂದು ಹಾಸ್ಯಚಿತ್ರ ಮಾಡಿದರು. ಫ್ರೆಂಚ್ ಹೆಸರಿನ ಅರ್ಥ, 'ಜಗತ್ತಿನ ಅತಿ ಹಳೆಯ ವೃತ್ತಿ'. ಆದಿಮಾನವರ ಕಾಲದಿಂದ ಹೊರಟು ರೋಮ್, ಫ್ರೆಂಚ್ ಕ್ರಾಂತಿಗಳನ್ನು ಹಾದು ಭವಿಷ್ಯದವರೆಗೆ ಆರು ಕತೆಗಳು. ಕಾಲ ಬದಲಾದಂತೆ ಉಡುಪು ಬದಲಾಗುತ್ತದೆ, ನಗೆಚಾಟಿಕೆ ಮಾತ್ರ ಅದೇ. ಗೊದಾರ್ ಮಾಡಿದ ಕೊನೆಯ ಕತೆಯೊಂದೇ ಬೇರೆ. ಅಲ್ಲಿ ದೇಹ ಕೊಡುವವಳೊಬ್ಬಳು, ಪ್ರೀತಿಯ ಮಾತಾಡುವವಳು ಇನ್ನೊಬ್ಬಳು. ಇದು ದುಡಿಮೆ, ದುಡಿಮೆಯನ್ನು ಹೀಗೂ ಹಂಚಬಹುದು ಎಂಬುದು ಅವನಿಗಾದರೂ ಹೊಳೆದಿತ್ತು.

'ಅತಿ ಹಳೆಯ ವೃತ್ತಿ' ಎಂಬ ಮಾತೇ ಮೋಸದ್ದು. ಅದನ್ನು ಹೆಸರುವಾಸಿ ಮಾಡಿದ್ದು ಕಿಪ್ಲಿಂಗ್, 1880ರ ದಶಕದ ಕೊನೆಯಲ್ಲಿ, ಅದೂ ನಮ್ಮ ನೆಲದ ಗಣಿಕೆಯೊಬ್ಬಳ ಕುರಿತ ಕತೆಯಲ್ಲಿ. ಒಂದು ಕಸುಬು ಅನಾದಿ ಎಂದುಬಿಟ್ಟರೆ ಅದಕ್ಕೆ ಚರಿತ್ರೆಯೇ ಇರುವುದಿಲ್ಲ. ಬಡತನ, ಜಾತಿ, ದಲ್ಲಾಳಿ, ಪೊಲೀಸು ಯಾರೂ ಉತ್ತರ ಕೊಡಬೇಕಾಗಿಲ್ಲ. ಮಳೆಗಾಲದ ಹಾಗೆ, ಅದು ಇದ್ದೇ ಇದೆ.

ಹಾಸ್ಯದ ಮೇಲೆ ಯಾಕಿಷ್ಟು ಮುನಿಸು ಎಂದು ಕೇಳಬಹುದು. ಮುನಿಸು ಹಾಸ್ಯದ ಮೇಲಲ್ಲ. ಶೂದ್ರಕನ 'ಮೃಚ್ಛಕಟಿಕ'ವೂ ನಗಿಸುವ ನಾಟಕವೇ. ಅಲ್ಲಿ ನಾವು ನಗುವುದು ವಸಂತಸೇನೆಯನ್ನು ನೋಡಿ ಅಲ್ಲ, ಅವಳ ಬೆನ್ನುಹತ್ತಿದ ರಾಜನ ಮೈದುನ ಶಕಾರನನ್ನು ನೋಡಿ. ಮದನಿಕೆಯನ್ನು ದಾಸ್ಯದಿಂದ ಬಿಡಿಸಲು ಹಣ ಬೇಕೆಂದು ಶರ್ವಿಲಕ ಕನ್ನ ಹಾಕುತ್ತಾನೆ. ಬಿಡುಗಡೆಗೂ ಬೆಲೆಯಿದೆ ಎಂದು ನಾಟಕಕ್ಕೆ ಗೊತ್ತು. ಕೊನೆಗೆ ವಸಂತಸೇನೆ 'ವಧು' ಎನಿಸುವುದು ಹೊಸ ದೊರೆಯ ಅಪ್ಪಣೆಯಿಂದ. ಅಂದರೆ ಆ ಹಣೆಪಟ್ಟಿ ಹುಟ್ಟಿನಿಂದ ಬಂದದ್ದಲ್ಲ. ಅಧಿಕಾರ ಹಚ್ಚಿದ್ದು, ಅಧಿಕಾರವೇ ಅಳಿಸಬಲ್ಲದ್ದು.

ಇದೇ ನಾಟಕ 1930ರ ಆಸುಪಾಸಿನಲ್ಲಿ ಮೋಹನ್ ಭವನಾನಿಯವರ ಕೈಯಲ್ಲಿ ಮೂಕಿಚಿತ್ರವಾಯಿತು. ಅದರಲ್ಲಿ ನಟಿಸಿದವರಲ್ಲಿ ಒಬ್ಬರು 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಮರ್ಯಾದಸ್ಥರ ಮನೆಯ ಹೆಣ್ಣು ಬಣ್ಣ ಹಚ್ಚಿದರೆ ಅವಳನ್ನೂ 'ಅಂಥವಳು' ಎನ್ನುತ್ತಿದ್ದ ಕಾಲ ಅದು.

ಆ ಕಾಲ ಹೋಯಿತೇ? 2012ರ ಜುಲೈ 28ರಂದು ಇದೇ ಊರಿನ ಪಡೀಲಿನ ಹೋಂಸ್ಟೇಗೆ ಗುಂಪೊಂದು ನುಗ್ಗಿ ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರನ್ನು ಹೊಡೆಯಿತು. ಇಂಥ ಪ್ರತಿ ಘಟನೆಯ ನಂತರ ನಮ್ಮಂಥ 'ಪ್ರಗತಿಪರರ' ಬಾಯಲ್ಲೂ ಒಂದು ಸಮಜಾಯಿಷಿ ಬರುತ್ತದೆ: "ಪಾಪ, ಅವರು ಅಂಥವರಲ್ಲ."

ಅಂಥವರೇ ಆಗಿದ್ದರೆ? ಹೊಡೆಯಬಹುದಿತ್ತೇ?

ಈ ಪ್ರಶ್ನೆಗೆ 'ಇಲ್ಲ' ಎಂದು ತಡವರಿಸದೆ ಹೇಳದವರೆಗೆ ಹೊಡೆದವನೂ ನಾವೂ ಒಂದೇ ಪಟ್ಟಿ ಹಿಡಿದು ನಿಂತಿದ್ದೇವೆ. ಹೆಸರುಗಳ ಬಗ್ಗೆಯಷ್ಟೇ ನಮ್ಮ ತಕರಾರು. ಆ ಪಟ್ಟಿ ಅನಾದಿಯದ್ದು ಎಂದು ನಂಬಿಸುವ ಯಾವ ಹಾಸ್ಯವೂ ನನಗೆ ನಗು ತರಿಸುವುದಿಲ್ಲ.